ಇಲ್ಲದ ದಿನ

ಗಂಡ ಕೂಗಾಡಿದರೆ ಹೆದರುವ ಹೆಂಗಸರನ್ನು ನೀವು ನೋಡಿರುತ್ತೀರಿ. ನಾನು ಹೆದರಿದ್ದು ನಮ್ಮ ಮನೆಯವರು ಕೂಗಾಡುವುದನ್ನು ಬಿಟ್ಟಾಗ.

ಇವರದು ಲಿಫ್ಟ್ ರಿಪೇರಿ ಕೆಲಸ. ದೊಡ್ಡ ದೊಡ್ಡ ಕಟ್ಟಡಗಳ ನೆತ್ತಿಯ ಮೇಲೆ ಮೋಟಾರು ಕೂತಿರುವ ಒಂದು ಸಣ್ಣ ಕೋಣೆ ಇರುತ್ತದಲ್ಲ, ಇವರ ಅರ್ಧ ಆಯಸ್ಸು ಅಲ್ಲೇ ಕಳೆದಿದೆ. ಮೈಯೆಲ್ಲ ಗ್ರೀಸು, ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಕರಿ, ಮೂಗಿನ ತುದಿಯಲ್ಲಿ ಕೋಪ. ಜೊತೆ ಕೆಲಸದವರು ಇಟ್ಟ ಹೆಸರು 'ಗುಡುಗು'. ಗುಡುಗು ಬಂದ, ಗುಡುಗು ಊಟಕ್ಕೆ ಹೋದ, ಹೀಗೇ ಮಾತಾಡುತ್ತಿದ್ದರು. ಬಸ್ಸು ತಡವಾದರೆ ಕೋಪ, ಬೇಗ ಬಂದು ಹೋಗಿಬಿಟ್ಟಿದ್ದರೆ ಇನ್ನೂ ಕೋಪ. ಒಂದು ಮಳೆಗಾಲದಲ್ಲಿ ಬಚ್ಚಲ ಬಾಗಿಲು ಉಬ್ಬಿ ಬಿಗಿಯಾಗಿ ಕೂತಿತ್ತು. ಅದನ್ನು ಒದ್ದು, ಕಾಲಿನ ಹೆಬ್ಬೆರಳಿನ ಉಗುರು ಕಿತ್ತುಕೊಂಡು, ಆಮೇಲೆ ಆ ಹೆಬ್ಬೆರಳಿಗೂ ಸೇರಿಸಿ ಬೈದರು. ನಮ್ಮ ಅತ್ತೆ ಹೇಳುತ್ತಿದ್ದರು, "ಎಲ್ಲ ಮಕ್ಕಳೂ ಹುಟ್ಟಿದ ಕೂಡಲೇ ಅಳ್ತಾವೆ ಕಣೇ. ಇವನು ಅಳಲಿಲ್ಲ, ಬೈದ."

ಇನ್ನು ನನ್ನ ಗುಣ. ಮುಚ್ಚಿಡುವುದೇನು, ನಾನು ಅನುಮಾನದ ಪ್ರಾಣಿ. ಮನೆಯಲ್ಲೇ ಕೂತು ಕಿಟಕಿ ಪರದೆ ಹೊಲಿಯುವುದು ನನ್ನ ಕೆಲಸ. ಅಳತೆ ತೆಗೆಯಲು ಬೇರೆಯವರ ಮನೆಗೆ ಹೋಗಬೇಕು. ಯಾರಿಗೆ ತೆಳು ಬಟ್ಟೆ ಸಾಕು, ಯಾರಿಗೆ ಒಂದು ಕಿಂಡಿಯೂ ಕಾಣದಂಥ ದಪ್ಪ ಬಟ್ಟೆ ಬೇಕು ಅಂತ ನೋಡಿ ನೋಡಿ, ಪ್ರತಿ ಮನೆಯಲ್ಲೂ ಮುಚ್ಚಿಡುವಂಥದ್ದು ಏನೋ ಒಂದು ಇದ್ದೇ ಇದೆ ಅಂತ ನನಗೆ ಖಾತ್ರಿಯಾಗಿದೆ. ಹಾಗಿರುವಾಗ ನನ್ನ ಮನೆ ಮಾತ್ರ ಹೇಗೆ ಬೇರೆಯಾದೀತು?

ಅವತ್ತು ಆಗಿದ್ದು ಇಷ್ಟೇ. ಇಸ್ತ್ರಿ ಮಾಡಿಟ್ಟ ಅಂಗಿ ಹಾಕಿಕೊಂಡು ಹೊರಡಲು ನಿಂತಿದ್ದರು. ನನ್ನ ಮೊಣಕೈ ತಾಗಿ ಬಿಸಿ ಚಹಾದ ಕಪ್ಪು ಅವರ ಎದೆ ಮೇಲೆ ಚೆಲ್ಲಿ, ನೆಲಕ್ಕೆ ಬಿದ್ದು ಚೂರುಚೂರಾಯಿತು. ನಾನು ಕಣ್ಣು ಮುಚ್ಚಿಕೊಂಡು ಕಾದೆ. ಅತ್ತೆ ಒಳಕೋಣೆಯ ಬಾಗಿಲು ಹಾಕಿಕೊಂಡರು. ಸದ್ದೇ ಇಲ್ಲ. ಕಣ್ಣು ಬಿಟ್ಟು ನೋಡಿದರೆ ಈ ಮನುಷ್ಯ ಬಗ್ಗಿ ಚೂರು ಆರಿಸುತ್ತಿದ್ದಾರೆ. "ಪಿಂಗಾಣಿ ಅಲ್ವಾ, ಬಿದ್ದರೆ ಒಡೆಯುತ್ತೆ" ಅಂದರು. ಬೇರೆ ಅಂಗಿ ಹಾಕಿಕೊಂಡು ಹೋದರು.

ನಾನು ಹೋಗಿ ನಮ್ಮ ಅಕ್ಕನಿಗೆ ಫೋನು ಮಾಡಿದೆ. ಅವಳೋ, ಉರಿಯುವ ಬೆಂಕಿಗೆ ತುಪ್ಪ ಸುರಿಯುವುದರಲ್ಲಿ ಎತ್ತಿದ ಕೈ. "ಗಂಡಸು ಇದ್ದಕ್ಕಿದ್ದ ಹಾಗೆ ಒಳ್ಳೆಯವನಾದ ಅಂದ್ರೆ, ಎಲ್ಲೋ ಏನೋ ಕೆಟ್ಟದ್ದು ಮಾಡಿ ಬಂದಿದಾನೆ ಅಂತಲೇ ಅರ್ಥ. ಅಂಗಿ ಮೂಸಿ ನೋಡು" ಅಂದಳು. ಮೂಸಿದೆ. ಗ್ರೀಸು. ಎಲ್ಲ ಅಂಗಿಯಲ್ಲೂ ಗ್ರೀಸು. ಆದರೂ ನನಗೆ ಸಮಾಧಾನವಾಗಲಿಲ್ಲ, ಯಾಕೆಂದರೆ ಇತ್ತೀಚೆಗೆ ವಾರದ ರಜೆಯ ದಿನ ಮಧ್ಯಾಹ್ನ ಊಟ ಮಾಡಿ, ತಲೆ ಬಾಚಿಕೊಂಡು, 'ಇಲ್ಲೇ ಹೋಗಿ ಬರ್ತೀನಿ' ಅನ್ನುವ ಹೊಸ ಅಭ್ಯಾಸ ಶುರುವಾಗಿತ್ತು. ತಲೆ ಬಾಚಿಕೊಂಡು! ನಮ್ಮ ಮದುವೆಯ ದಿನವೂ ಇವರ ತಲೆ ಬಾಚಿದ್ದು ಅತ್ತೆ.

ಮುಂದಿನ ರಜೆಯ ದಿನ ನಾನೂ ಹಿಂದಿನಿಂದ ಹೊರಟೆ. ಎರಡು ಬೀದಿ ದಾಟಿ, ಔಷಧಿ ಅಂಗಡಿ ಪಕ್ಕದ ಹಳೇ ಕಟ್ಟಡಕ್ಕೆ ಹೋದರು. ಮೆಟ್ಟಿಲು ಹತ್ತಿ ನೋಡಿದರೆ ಒಂದು ಮನೆಯ ಮುಂದೆ ಇವರ ಚಪ್ಪಲಿ. ಬೆಲ್ ಒತ್ತಿದೆ. ಬಾಗಿಲು ತೆಗೆದವರು ಹಲ್ಲಿಲ್ಲದ, ಮೊಣಕೈಯಲ್ಲಿ ತೂತು ಬಿದ್ದ ಸ್ವೆಟರಿನ ಒಬ್ಬ ಮುದುಕರು. ಒಳಗೆ ನಮ್ಮ ಗುಡುಗು ಸ್ಟೂಲಿನ ಮೇಲೆ ಮಂಡಿ ಜೋಡಿಸಿಕೊಂಡು ಶಾಲೆ ಹುಡುಗನ ಹಾಗೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

ಮುದುಕರು ಇತಿಹಾಸದ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಡೆದ ಸಂಗತಿ ಏನೆಂದರೆ, ಆ ಕಟ್ಟಡದ ಲಿಫ್ಟು ಒಂದು ದಿನ ಎರಡು ಅಂತಸ್ತಿನ ನಡುವೆ ಸಿಕ್ಕಿಹಾಕಿಕೊಂಡಿತ್ತು. ಇವರು ಹೋಗಿ ಬಾಗಿಲು ಮೀಟುವಷ್ಟರಲ್ಲಿ ತುಂಬಾ ಹೊತ್ತಾಗಿತ್ತು. ಅಂಥ ಹೊತ್ತಿನಲ್ಲಿ ಒಳಗಿನವರು ಬಾಗಿಲು ಬಡಿಯುತ್ತಾರೆ, ಅಳುತ್ತಾರೆ, ಹೊರಗೆ ಬಂದ ಕೂಡಲೇ ರಿಪೇರಿಯವನ ಮೇಲೇ ಹಾರಿಬೀಳುತ್ತಾರೆ. ಬಾಗಿಲು ತೆರೆದಾಗ ಈ ಮೇಷ್ಟ್ರು ನೆಲದ ಮೇಲೆ ಕೂತು ಪುಸ್ತಕ ಓದುತ್ತಿದ್ದರಂತೆ. ತಲೆ ಎತ್ತಿ, "ಬಂದ್ರಾ? ಒಂದು ನಿಮಿಷ, ಈ ಪುಟ ಮುಗಿಸಿಬಿಡ್ತೀನಿ" ಅಂದರಂತೆ. ಇವರಿಗೆ ತಲೆ ಕೆಟ್ಟುಹೋಯಿತು. ಇಷ್ಟು ವರ್ಷದ ಕೆಲಸದಲ್ಲಿ ಅಂಥ ಪ್ರಾಣಿಯನ್ನು ಕಂಡಿರಲಿಲ್ಲ. ಏನು ಓದುತ್ತಿದ್ದೀರಿ ಅಂತ ಕೇಳಿದ್ದಾರೆ, ಅಲ್ಲಿಂದ ಶುರು.

"ಸ್ಟೋಯಿಕರು ಅಂತ ಇದ್ರಮ್ಮಾ, ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸ್ ದೇಶದಲ್ಲಿ ಶುರು ಮಾಡಿದ್ರು, ಆಮೇಲೆ ರೋಮಿನಲ್ಲಿ ಬೆಳೀತು" ಅಂತ ಮೇಷ್ಟ್ರು ನನಗೂ ಪಾಠ ಶುರು ಮಾಡಿದರು. "ಅವರಲ್ಲಿ ಒಬ್ಬ ಗುಲಾಮನಾಗಿದ್ದವನು, ಇನ್ನೊಬ್ಬ ಚಕ್ರವರ್ತಿ. ಇಬ್ಬರ ಮಾತೂ ಒಂದೇ. ಕೆಲವು ಸಂಗತಿ ನಮ್ಮ ಕೈಲಿದೆ, ಕೆಲವು ಇಲ್ಲ. ಲಿಫ್ಟ್ ನಿಂತಿದ್ದು ನನ್ನ ಕೈಲಿಲ್ಲ. ಒಳಗೆ ಕೂತು ಏನು ಮಾಡ್ತೀನಿ ಅನ್ನೋದು ನನ್ನ ಕೈಲಿದೆ."

"ಗುಲಾಮನೂ ಚಕ್ರವರ್ತಿಯೂ ಒಂದೇ ಮಾತು ಹೇಳಿದ್ರೆ, ಅಲ್ಲೇನೋ ಮಸಲತ್ತು ಇದೆ ಮೇಷ್ಟ್ರೇ" ಅಂದೆ.

ಮುದುಕರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ನಿಮ್ಮ ಮನೆಯವರಿಗಿಂತ ನೀವೇ ಒಳ್ಳೆ ಶಿಷ್ಯೆ ಆಗ್ತೀರಿ. ಆ ಸ್ಟೋಯಿಕರು ಹೇಳೋದೂ ಅದೇ. ಮನಸ್ಸಿಗೆ ಏನಾದ್ರೂ ಅನಿಸಿದ ಕೂಡಲೇ ನಂಬಬೇಡ, ತಡೆದು ನಿಲ್ಲಿಸು, ನೀನು ನಿಜವಾ ಸುಳ್ಳಾ ಅಂತ ಕೇಳು ಅಂತಾರೆ."

"ಹಗ್ಗದ ಹಾಗೆ" ಅಂತ ಇವರು ನಡುವೆ ಬಾಯಿ ಹಾಕಿದರು. ಲಿಫ್ಟಿನ ಉಕ್ಕಿನ ಹಗ್ಗವನ್ನು ಕಣ್ಣಲ್ಲಿ ನೋಡಿದರೆ ಸಾಲದಂತೆ. ಹತ್ತಿಯ ಬಟ್ಟೆ ಹಿಡಿದು ಉದ್ದಕ್ಕೂ ಸವರಿಕೊಂಡು ಹೋಗಬೇಕು. ಹರಿದ ಎಳೆ ಇದ್ದರೆ ಅಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. "ಹಗ್ಗ ನೋಡಿ ಹಾವು ಅನ್ನಬಾರದು. ಹಾಗಂತ ಗಟ್ಟಿ ಇದೆ ಅಂತಲೂ ಅನ್ನಬಾರದು. ಸವರಿ ನೋಡಬೇಕು."

ನಾನು ಇವರನ್ನು ಸವರಿ ನೋಡಿದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಸದ್ಯಕ್ಕೆ ಬಿಟ್ಟೆ.

ಆದರೆ ಇವರದು ಕೇಳಿ ಸುಮ್ಮನಿರುವ ಜಾತಿಯಲ್ಲ, ಮಾಡಿ ನೋಡುವ ಜಾತಿ. ಆ ಸ್ಟೋಯಿಕರು ಆಗಾಗ ಒಂದೆರಡು ದಿನ ಬೇಕೆಂದೇ ಒಣ ರೊಟ್ಟಿ ತಿಂದು, ಒರಟು ಬಟ್ಟೆ ಉಟ್ಟು ಇರುತ್ತಿದ್ದರಂತೆ. 'ಇದಕ್ಕೇನಾ ನಾನು ಇಷ್ಟು ಹೆದರಿದ್ದು' ಅಂತ ಕೇಳಿಕೊಳ್ಳಲು. ಅದನ್ನು ಕೇಳಿದ್ದೇ ತಡ, ನಮ್ಮ ಮನೆಯಲ್ಲಿ ತಿಂಗಳಿಗೊಂದು 'ಇಲ್ಲದ ದಿನ' ಬಂತು. ಅವತ್ತು ಮನೆಯಲ್ಲಿರುವ ಒಂದು ವಸ್ತು ಇಲ್ಲ. ಇದ್ದರೂ ಇಲ್ಲ. ಅದರ ಮೇಲೆ ಒಂದು ಬಟ್ಟೆ ಮುಚ್ಚುವುದು, ಸಂಜೆಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಬಟ್ಟೆ ನನ್ನದೇ, ಪರದೆ ಕತ್ತರಿಸಿ ಉಳಿದ ತುಂಡು.

ಮೊದಲ ಸಲ ಉಪ್ಪು ಇರಲಿಲ್ಲ. ಆಮೇಲೆ ಫ್ಯಾನು, ಆಮೇಲೆ ಮೊಬೈಲು. ಚಹಾ ಇಲ್ಲದ ದಿನ ಅತ್ತೆ ದಂಗೆ ಎದ್ದರು. "ಈ ವಯಸ್ಸಲ್ಲಿ ನನ್ನ ಚಹಾ ಕಿತ್ಕೊಳ್ಳೋಕೆ ಯಾವ ರೋಮಿನ ರಾಜನ ಕೈಲೂ ಆಗಲ್ಲ. ಬರಹೇಳು ಅವನನ್ನ!" ಅಂತ ಬಟ್ಟೆ ಕಿತ್ತೆಸೆದು ಡಬ್ಬ ತೆಗೆದರು. ಅತ್ತೆ ನಮ್ಮ ಅಧಿಕಾರದ ಹೊರಗಿನ ವಿಷಯ ಅಂತ ಇವರು ತೀರ್ಪು ಕೊಟ್ಟರು. ನಗು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ? ಮನೆಯಲ್ಲಿ ಕೂಗಾಟ ನಿಂತು, ಅದರ ಜಾಗದಲ್ಲಿ ಈ ಹುಚ್ಚಾಟ ಬಂದಿತ್ತು. ನಾನು ಗೊಣಗುತ್ತಾ ಒಗ್ಗಿಹೋದೆ. ಕರೆಂಟು ಹೋದಾಗ ಪಕ್ಕದ ಮನೆಯವರು ಪರದಾಡುತ್ತಿದ್ದರೆ ನಾವು ಮಾತಾಡುತ್ತಾ ಕೂತಿರುತ್ತಿದ್ದೆವು. ಅಷ್ಟರಮಟ್ಟಿಗೆ ಆ ಗುಲಾಮ ಗೆದ್ದಿದ್ದ.

ಅಷ್ಟರಲ್ಲಿ ನನ್ನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು.

ಕಡಲೆಕಾಳಿನಷ್ಟು. ನೋವಿಲ್ಲ. ಅಳತೆಯ ಟೇಪು ಕುತ್ತಿಗೆಗೆ ಹಾಕಿಕೊಳ್ಳುವಾಗ ಕೈಗೆ ಸಿಕ್ಕಿತು. ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು. ಫೋನ್ ನಂಬರು ಕೇಳಿದಾಗ ನಾನು ಇವರದೇ ಕೊಟ್ಟೆ, ಗಾಬರಿಯಲ್ಲಿ ಹೊಳೆದದ್ದು ಅದೊಂದೇ ನಂಬರು. ಕೆಲವು ದಿನಕ್ಕೆ ಫೋನು ಬಂತು. ಇವರು ಬಾಲ್ಕನಿಗೆ ಹೋದರು. ನಾನು ಗಾಜಿನ ಈಚೆ ನಿಂತು ಬೆನ್ನು ನೋಡಿದೆ. ಬೆನ್ನಿನಿಂದ ಏನು ತಿಳಿಯುತ್ತದೆ? ಒಳಗೆ ಬಂದು, "ಭಯ ಪಡೋಂಥದ್ದೇನೂ ಇಲ್ಲವಂತೆ" ಅಂದರು.

"ಇಷ್ಟೇನಾ?"

"ಇಷ್ಟೇ."

ಇಷ್ಟು ಹೇಳಲು ಡಾಕ್ಟರು ಅಷ್ಟು ಹೊತ್ತು ಮಾತಾಡುತ್ತಾರಾ? ಆ ಪ್ರಶ್ನೆ ಮನಸ್ಸಿನಲ್ಲೇ ಇಟ್ಟುಕೊಂಡು ಹೊಲಿಗೆ ಮೆಷಿನ್ ಮುಂದೆ ಹೋಗಿ ಕೂತೆ.

ಆ ತಿಂಗಳ ಇಲ್ಲದ ದಿನ ಬಂತು. ಬೆಳಿಗ್ಗೆ ನಾನು ಎದ್ದು ಮುಖ ತೊಳೆದು ಬಂದೆ. ಇವರು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾರೆ. ಕೈಯಲ್ಲಿ ಬಟ್ಟೆ ಇಲ್ಲ.

"ಈ ಸಲ ಏನು?" ಅಂದೆ.

ಇವರು ನೆಲ ನೋಡುತ್ತಾ, "ಈ ಸಲ... ನೀನು" ಅಂದರು.

"ನಾನಾ?"

"ಸುಮ್ನೆ ಕಣೇ. ಕಿಟಕಿ ಹತ್ರ ಕುರ್ಚಿ ಹಾಕಿದೀನಿ. ನೀನು ಕೂತಿರು. ಎಲ್ಲ ನಾನೇ ಮಾಡ್ತೀನಿ. ನಿನಗೂ ಒಂದು ದಿನ ಆರಾಮ."

"ನನ್ನ ಮೇಲೂ ಬಟ್ಟೆ ಮುಚ್ತೀರಾ?"

ಇವರ ಮುಖದ ಬಣ್ಣ ಇಳಿದುಹೋಯಿತು. ಒಲೆ ಕಡೆ ತಿರುಗಿದರು. ನಾನು ಹೋಗಿ ಕುರ್ಚಿಯಲ್ಲಿ ಕೂತೆ. ಯಾಕೆ ಕೂತೆ ಅಂತ ಕೇಳಬೇಡಿ. ಇವರು ಎಲ್ಲಿಯವರೆಗೆ ಹೋಗುತ್ತಾರೆ ನೋಡಬೇಕಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಅನ್ನ ತಳ ಹಿಡಿಸಿದರು. ಅತ್ತೆಯ ಮಾತ್ರೆ ಹುಡುಕಿ ಹುಡುಕಿ, ನನ್ನನ್ನು ಕೇಳಲು ಬಾಯಿ ತೆರೆದು, ಮುಚ್ಚಿಕೊಂಡು, ಕೊನೆಗೆ ತಾವೇ ಕಂಡುಹಿಡಿದರು. ನನ್ನ ಹೊಲಿಗೆ ಮೆಷಿನ್ನಿಗೆ ಎಣ್ಣೆ ಹಾಕಿ, ಅದರ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಆ ಕೈ ನನಗೆ ಹಿಡಿಸಲಿಲ್ಲ.

ಮಧ್ಯಾಹ್ನ ಅತ್ತೆ ನಿದ್ದೆಯಿಂದ ಎದ್ದು ಬಂದು, "ಎಲ್ಲೋ ಅವಳು?" ಅಂತ ಕೇಳಿದರು. ಕಣ್ಣಿಗೆ ಕನ್ನಡಕ ಹಾಕಿರಲಿಲ್ಲ.

ಇವರು ತಟ್ಟೆ ಒರೆಸುತ್ತಾ, ತಿರುಗಿಯೂ ನೋಡದೆ, "ಅವಳಿಲ್ಲಮ್ಮ" ಅಂದರು.

ನಾನು ಅಲ್ಲೇ ಕೂತಿದ್ದೇನೆ. ನನ್ನ ಕಿವಿಯಿಂದಲೇ ಕೇಳಿದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಈ ಮನುಷ್ಯನಿಗೆ ಏನೋ ಗೊತ್ತಿದೆ, ನಾನು ಹೋಗುವವಳು, ಇವರು ಈಗಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದಾರೆ ಅಂತ ಅನಿಸಿಬಿಟ್ಟಿತು. ಮೇಷ್ಟ್ರು ಹೇಳಿದ ಹಾಗೆ ಆ ಅನಿಸಿಕೆಯನ್ನು ತಡೆದು ನಿಲ್ಲಿಸಿ ಪ್ರಶ್ನೆ ಕೇಳಲು ನನಗೆ ಪುರುಸೊತ್ತು ಎಲ್ಲಿತ್ತು? ಅದು ನನ್ನ ಎದೆ ಮೇಲೆ ಹತ್ತಿ ಕೂತಿತ್ತು.

ಅಕ್ಕನಿಗೆ ಹೇಳಿದರೆ ಅವಳು, "ಆರಾಮಾಗಿದೀಯ ಅಂತ ಹೇಳಿದ್ದು ಯಾರು? ಅವನು ತಾನೇ? ಡಾಕ್ಟರ್ ನಿನ್ನ ಜೊತೆ ಮಾತಾಡಿದ್ರಾ?" ಅಂದಳು. ಅವಳ ಬಾಯಿಗೆ ಬೆಂಕಿ ಬೀಳಲಿ ಅಂದುಕೊಂಡರೂ ಆ ಪ್ರಶ್ನೆ ಸರಿಯಾಗಿಯೇ ಇತ್ತು. ಮರುದಿನದಿಂದ ನಾನು ಮುಳ್ಳಿನ ಮೇಲೆ ಕೂತವಳೇ. ಇವರು ನನ್ನ ತಟ್ಟೆಗೆ ಇನ್ನೊಂದು ತುತ್ತು ಬಡಿಸಿದರೆ, 'ಓ, ಕೊನೆಗಾಲದ ಉಪಚಾರ.' ಬಡಿಸದಿದ್ದರೆ, 'ಓ, ಆಗಲೇ ಕೈಬಿಟ್ಟರು.' ಅತ್ತೆ ಸುಮ್ಮನೆ ನನ್ನ ಮುಖ ನೋಡಿದರೂ ಅವರೂ ಇದರಲ್ಲಿ ಶಾಮೀಲು. ಮೇಷ್ಟ್ರ ಮನೆಗೂ ಹೋಗಿ ಗದರಿಸಿ ಕೇಳಿದೆ. ಪಾಪ, ಅವರು ಗಾಬರಿಯಾದರು. "ನಾನು ವಸ್ತುಗಳ ಬಗ್ಗೆ ಹೇಳಿದ್ದೆ ತಾಯಿ. ಮನುಷ್ಯರ ಬಗ್ಗೆಯೂ ಆ ಸ್ಟೋಯಿಕರು ಹೇಳಿದ್ದಾರೆ, ನಿಜ. ಮಗುವಿಗೆ ಮುತ್ತು ಕೊಡುವಾಗ ಇದು ನಾಳೆ ಇಲ್ಲದಿರಬಹುದು ಅಂತ ನೆನೆಸಿಕೋ ಅಂತಾರೆ. ಆದ್ರೆ ಅದನ್ನ ಮನಸ್ಸಿನೊಳಗೆ ಹೇಳ್ಕೋಬೇಕು, ಮಗುವಿಗೆ ಕೇಳೋ ಹಾಗಲ್ಲ!"

ಸಾಕಾಯಿತು. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನ ಮುಂದೆ ಕೂತೆ. "ನಿಜ ಹೇಳಿ. ಇನ್ನೆಷ್ಟು ದಿನ ಇರ್ತೀನಿ?"

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಯಾರು ಹಾಗಂದಿದ್ದು? ಆ ಗಂಟಿನಲ್ಲಿ ಈಗ ಕೆಟ್ಟದ್ದೇನೂ ಕಾಣಿಸಿಲ್ಲ. ಆದರೆ ಹಾಗೇ ಬಿಡೋದು ಬೇಡ, ಆರು ತಿಂಗಳಾದ ಮೇಲೆ ಇನ್ನೊಂದು ಸಲ ನೋಡೋಣ ಅಂತ ನಿಮ್ಮ ಯಜಮಾನರಿಗೆ ಹೇಳಿದ್ದೆನಲ್ಲ?"

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಸಾಯುವುದಿಲ್ಲ ಅಂತ ತಿಳಿದವಳಿಗೆ ಸಂತೋಷ ಆಗಬೇಕಿತ್ತು. ನನಗೆ ಮೈ ಉರಿಯಿತು. ಅಂದರೆ ಹರಿದ ಎಳೆ ಒಂದು ಇದ್ದೇ ಇತ್ತು. 'ಇನ್ನೊಂದು ಸಲ ನೋಡೋಣ' ಅನ್ನುವುದನ್ನು ನುಂಗಿಕೊಂಡು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಡೆದುಕೊಂಡಿದ್ದರು ನಮ್ಮ ತತ್ವಜ್ಞಾನಿಗಳು. ಅಲ್ಲಿಂದ ಸೀದಾ ಇವರು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ನಡೆದೆ.

ಹೊಸ ಕಟ್ಟಡ. ಇನ್ನೂ ಸುಣ್ಣದ ವಾಸನೆ. ಲಿಫ್ಟಿನ ಬಾಗಿಲು ತೆರೆದಿತ್ತು, ಇವರು ಮತ್ತು ಇವರ ಜೊತೆಗಾರ ಮರಳು ಮೂಟೆಗಳನ್ನು ಹೊತ್ತು ಒಳಗೆ ಜೋಡಿಸುತ್ತಿದ್ದರು. ನನ್ನನ್ನು ಕಂಡು ಇವರು, "ಏನೇ, ಏನಾಯ್ತು? ಅಮ್ಮ ಹುಷಾರಾಗಿದಾರಾ?" ಅಂತ ಓಡಿ ಬಂದರು.

"ನಿಮ್ಮ ಕೆಲಸ ಮುಗಿಸಿ. ಆಮೇಲೆ ನನ್ನದಿದೆ."

ನನ್ನ ದನಿ ಕೇಳಿ ಜೊತೆಗಾರ ತಲೆ ತಗ್ಗಿಸಿಕೊಂಡು ಮೂಟೆ ಎಣಿಸುವ ನಾಟಕ ಶುರು ಮಾಡಿದ. ಆಮೇಲೆ ಅವನು ಮೇಲಿನ ಕೋಣೆಗೆ ಹೋದ. ಇವರು ಲಿಫ್ಟಿನೊಳಗೆ ತಲೆ ಹಾಕಿ ಮೂಲೆಮೂಲೆ ನೋಡಿದರು, ಬಾಗಿಲು ಮುಚ್ಚಿದರು, ಮತ್ತೆ ತೆರೆದು ಮತ್ತೆ ನೋಡಿದರು. ಮೇಲಕ್ಕೆ ಕೂಗಿ ಹೇಳಿದರು, "ಒಳಗೆ ಯಾರೂ ಇಲ್ಲ! ಬಿಡು!"

ಎಲ್ಲೋ ಮೇಲೆ ಮೋಟಾರು ಗುಂಯ್ ಅಂತು. ಏನೋ ಜಾರಿದ ಸದ್ದು. ಆಮೇಲೆ ಧಡಾರ್! ನನ್ನ ಕಾಲಡಿಯ ನೆಲ ಅದುರಿತು, ಬಾಗಿಲಿನ ಸಂದಿಯಿಂದ ಧೂಳು ಬಂತು. ನಾನು ಗೋಡೆ ಹಿಡಿದುಕೊಂಡೆ.

"ಹಿಡೀತು" ಅಂತ ಇವರು ಖುಷಿಯಿಂದ ನನ್ನ ಕಡೆ ತಿರುಗಿದರು. "ಹಗ್ಗ ಕಿತ್ತುಹೋದ್ರೆ ಹಿಡಿಯೋ ಬ್ರೇಕು ಅದು. ಕಿತ್ತುಹೋಗೋವರೆಗೆ ಕಾಯಬಾರದು, ಈಗಲೇ ಕಿತ್ತುಹೋಯ್ತು ಅಂದ್ಕೊಂಡು ಬೀಳಿಸಿ ನೋಡಬೇಕು. ಮೇಷ್ಟ್ರು ಹೇಳೋದೂ ಇದನ್ನೇ."

"ಅದು ಹಿಡಿಯುತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಹೆಚ್ಚೂಕಮ್ಮಿ ಗೊತ್ತಿರುತ್ತೆ."

"ಹಾಗಿದ್ರೆ ಮರಳು ಮೂಟೆ ಯಾಕೆ? ಮನುಷ್ಯರನ್ನೇ ಕೂರಿಸಬಹುದಲ್ಲ?"

"ಛೆ ಛೆ, ಹುಚ್ಚಾ ನಿನಗೆ? ಬ್ರೇಕ್ ಹಿಡಿಯುತ್ತೆ ಸರಿ. ಆದ್ರೆ ಹಿಡಿಯೋಕೆ ಮುಂಚೆ ಬೀಳ್ತಾ ಇರೋ ಒಂದು ಗಳಿಗೆ ಇರುತ್ತಲ್ಲ, ಇದು ಪರೀಕ್ಷೆ ಅಂತ ಒಳಗಿರೋರಿಗೆ ಏನು ಗೊತ್ತು? ಅಲ್ಲೇ ಎದೆ ಒಡೆದು ಸಾಯ್ತಾರೆ."

"ಹೌದಾ?" ಅಂದೆ. "ಮತ್ತೆ ನನ್ನನ್ನ ಒಳಗೆ ಕೂರಿಸಿ ಹಗ್ಗ ಬಿಟ್ರಲ್ಲ."

"ನಿನ್ನನ್ನಾ? ಯಾವಾಗ?" ಅಂದರು.

"'ಅವಳಿಲ್ಲಮ್ಮ' ಅಂದ್ರಲ್ಲ, ನನ್ನ ಮುಂದೆ. ಅವತ್ತಿಂದ ಬೀಳ್ತಾನೇ ಇದೀನಿ. ಈಗ ಡಾಕ್ಟರಮ್ಮನ ಹತ್ರ ಹೋಗಿ ಬಂದೆ. ಆರು ತಿಂಗಳಾದ ಮೇಲೆ ನೋಡಬೇಕು ಅನ್ನೋದನ್ನ ಯಾಕೆ ಹೇಳಲಿಲ್ಲ?"

ಇವರು ಹೊರಗೆ ಉಳಿದಿದ್ದ ಒಂದು ಮೂಟೆಯ ಮೇಲೆ ದೊಪ್ಪನೆ ಕೂತರು. ಗ್ರೀಸಿನ ಕೈಯಲ್ಲೇ ಮುಖ ಒರೆಸಿಕೊಂಡರು. "ಆ ಫೋನ್ ಬರೋವರೆಗೆ ಎಲ್ಲ ಗೆದ್ದಿದೀನಿ ಅಂದ್ಕೊಂಡಿದ್ದೆ ಕಣೇ. ಉಪ್ಪು ಬೇಡ, ಫ್ಯಾನು ಬೇಡ, ದೊಡ್ಡ ಶೂರ. ಅವರು 'ಇನ್ನೊಂದು ಸಲ ನೋಡೋಣ' ಅಂದಾಗ ಬಾಲ್ಕನಿ ಕಂಬಿ ಹಿಡ್ಕೊಂಡೆ, ಇಲ್ಲದಿದ್ರೆ ಬಿದ್ದುಬಿಡ್ತಿದ್ದೆ. ನಿನಗೆ ಹೇಳಿದ್ರೆ ಆರು ತಿಂಗಳೂ ನಿದ್ದೆ ಮಾಡಲ್ಲ, ನಾನೇ ಹೊತ್ಕೊಳ್ಳೋಣ, ಹೊರೋಕೆ ಆಗುತ್ತಾ ನೋಡೋಣ ಅಂತ..." ಅಲ್ಲಿಗೆ ನಿಲ್ಲಿಸಿ, ಲಿಫ್ಟಿನ ಕಡೆ ನೋಡಿದರು. "ಒಳಗಿರೋದು ನಾನು ಅಂದ್ಕೊಂಡಿದ್ದೆ. ಮೂಟೆ ನಾನೇ ಅಂದ್ಕೊಂಡಿದ್ದೆ."

ಇವರು ಅತ್ತಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಮನಸ್ಸು ಕರಗಿತು, ಆದರೆ ನಾಲಿಗೆ ಕರಗಬೇಕಲ್ಲ! "ಕೇಳಿ ಇಲ್ಲಿ. ಯಾವುದು ನಮ್ಮ ಕೈಲಿದೆ, ಯಾವುದು ಇಲ್ಲ ಅಂತ ದಿನಾ ನನ್ನ ತಲೆ ತಿಂತೀರಿ. ನನ್ನ ಗಂಟು ನಿಮ್ಮ ಕೈಲಿಲ್ಲ. ನನ್ನ ಭಯವೂ ನಿಮ್ಮ ಕೈಲಿರೋದಲ್ಲ, ಅದು ನನ್ನದು. ನನಗೆ ಬರಬೇಕಾದ್ದನ್ನ ನನಗೆ ಕೊಡಿ. ಅದನ್ನ ಇಟ್ಕೊಂಡು ಏನು ಮಾಡ್ತೀನಿ ಅನ್ನೋದು ನನಗೆ ಬಿಟ್ಟಿದ್ದು."

ಮೇಲಿನ ಕೋಣೆಯಿಂದ ಜೊತೆಗಾರ, "ಗುಡುಗಣ್ಣಾ, ಇನ್ನೊಂದು ಸಲ ಬಿಡ್ಲಾ?" ಅಂತ ಕೂಗಿದ.

"ಬೇಡ ಮಾರಾಯಾ!" ಅಂತ ನಾನೇ ಕೂಗಿದೆ.

ಆಮೇಲೆ ಕೆಲವು ದಿನ ಮನೆಯಲ್ಲಿ ಇಲ್ಲದ ದಿನದ ಮಾತೇ ಇಲ್ಲ. ಇವರು ನನ್ನ ಹತ್ತಿರ ಕಳ್ಳನ ಹಾಗೆ ಓಡಾಡುತ್ತಿದ್ದರು. ಕೊನೆಗೆ ನಾನೇ ಶುರು ಮಾಡಿದೆ. "ಈ ತಿಂಗಳು ನನ್ನ ಸರದಿ. ಅವತ್ತು ನನ್ನ ಅನುಮಾನ ಇಲ್ಲ" ಅಂದೆ.

ಅತ್ತೆ ಚಹಾ ಹೀರುತ್ತಾ, "ಅದನ್ನ ತೆಗೆದ್ರೆ ನಿನ್ನಲ್ಲಿ ಉಳಿಯೋದೇನು?" ಅಂದರು.

ಅತ್ತೆ ಹೇಳಿದ್ದೇ ನಿಜವಾಯಿತು. ಬೆಳಗಿನ ತಿಂಡಿಯ ಹೊತ್ತಿಗೇ ಸೋತೆ. ಹಾಲಿನವನು ನಕ್ಕಿದ್ದು ಯಾಕೆ ಅಂತ ತಲೆ ಕೆಡಿಸಿಕೊಂಡೆ. ಮುಂದಿನ ತಿಂಗಳೂ ಸೋತೆ. ಅದರ ಮುಂದಿನ ತಿಂಗಳು ಮಧ್ಯಾಹ್ನದವರೆಗೆ ತಡೆದೆ, ಅಷ್ಟರಲ್ಲಿ ಅಕ್ಕನ ಫೋನು ಬಂತು. ಪ್ರತಿ ಸಲವೂ ಇವರು, "ಬೀಳಿಸಿ ನೋಡೋದೇ ಅದಕ್ಕೆ. ಎಲ್ಲಿ ಹಿಡೀತಿಲ್ಲ ಅಂತ ಗೊತ್ತಾಗುತ್ತೆ, ಬಿಗಿ ಮಾಡಬಹುದು" ಅನ್ನುತ್ತಿದ್ದರು. ನಗುತ್ತಲೂ ಇರಲಿಲ್ಲ, ಅಣಕಿಸುತ್ತಲೂ ಇರಲಿಲ್ಲ. ಯಾಕೆ ಅಣಕಿಸುತ್ತಿಲ್ಲ ಅಂತ ನನಗೆ ಮತ್ತೆ ಅನುಮಾನ.

ಡಾಕ್ಟರಮ್ಮ ಹೇಳಿದ ಸಮಯ ಬಂತು. ಮತ್ತೆ ಸೂಜಿ. ಮತ್ತೆ ಫೋನ್ ನಂಬರು ಕೇಳಿದರು. ನನ್ನದು ಬಾಯಿ ತುದಿಯಲ್ಲೇ ಇತ್ತು. ಇವರು ಪಕ್ಕದಲ್ಲಿ ಮೊಣಕಾಲು ಅಲ್ಲಾಡಿಸುತ್ತಾ ಕೂತಿದ್ದರು. ನಾನು ಇವರ ನಂಬರೇ ಕೊಟ್ಟೆ. ಡಾಕ್ಟರಮ್ಮ ಹುಬ್ಬೇರಿಸಿದರು. "ಗೊತ್ತಿದ್ದೇ ಕೊಡ್ತಿರೋದು" ಅಂದೆ.

ಫೋನು ಬಂದ ಮಧ್ಯಾಹ್ನ ನಾನು ಮೆಷಿನ್ ಮುಂದೆ ಕೂತು ಒಂದು ಆಫೀಸಿನ ನೀಲಿ ಪರದೆಗೆ ಅಂಚು ಹೊಲಿಯುತ್ತಿದ್ದೆ. ಇವರು ಸ್ಕ್ರೂಡ್ರೈವರ್ ಹಿಡಿದು ಬಾಗಿಲಿನ ಬೋಲ್ಟು ಸರಿ ಮಾಡುತ್ತಿದ್ದರು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆದು ನೋಡಿದರು. ಬಾಲ್ಕನಿಯ ಬಾಗಿಲು ಎರಡೇ ಹೆಜ್ಜೆ ದೂರದಲ್ಲಿ ತೆರೆದಿತ್ತು. ಇವರು ಅದರ ಕಡೆ ನೋಡಿದರು, ನಾನೂ ನೋಡಿದೆ. ಆಮೇಲೆ ನನ್ನ ಎದುರಿಗೆ ಬಂದು, ಮೆಷಿನ್ನಿನ ಆಚೆ ಬದಿಗೆ ನೆಟ್ಟಗೆ ನಿಂತು, "ಹೇಳಿ ಡಾಕ್ಟ್ರೇ" ಅಂದರು.

ಈ ಸಲ ಬೆನ್ನಲ್ಲ, ಮುಖ. ಹಣೆಯಿಂದ ಗಲ್ಲದವರೆಗೆ ಎಲ್ಲ ಕಾಣುತ್ತಿತ್ತು. ನಾನು ಮೆಷಿನ್ ತುಳಿಯುವುದನ್ನು ನಿಲ್ಲಿಸಿದೆ.

ಫೋನು ಇಳಿಸಿ ಇವರು ಒಂದು ಸಲ ಉಸಿರು ತೆಗೆದುಕೊಂಡರು. "ಈ ಸಲ ಇದೆಯಂತೆ ಕಣೇ. ಕೆಟ್ಟದ್ದೇ. ಆಪರೇಷನ್ ಮಾಡಿ ತೆಗೆಯಬೇಕಂತೆ. ಬೇಗ ಗೊತ್ತಾಗಿರೋದ್ರಿಂದ ವಾಸಿಯಾಗೋ ಸಂಭವವೇ ಜಾಸ್ತಿ ಅಂದ್ರು. ಖಂಡಿತ ವಾಸಿಯಾಗುತ್ತಾ ಅಂತ ಕೇಳಿದೆ. ಖಂಡಿತ ಅನ್ನೋ ಮಾತು ಅವರು ಹೇಳಲಿಲ್ಲ. ಇವತ್ತೇ ಬಂದು ನೋಡಿ ಅಂದ್ರು. ಇಷ್ಟೇ."

ಹಗ್ಗ ಬಿಟ್ಟ ಲಿಫ್ಟಿನ ಹಾಗೆ ಕೆಳಗೆ ಹೋದೆ. ಹೋಗುತ್ತಲೇ ಇದ್ದೆ. ಹಳೇ ಚಾಳಿಯ ಪ್ರಕಾರ ಇವರ ಮಾತನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿದೆ, ಎಲ್ಲಿ ಏನು ಬಚ್ಚಿಟ್ಟಿದ್ದಾರೆ ಅಂತ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನಮ್ಮ ಸಂಸಾರದಲ್ಲಿ ನಾನು ಮರುಮಾತಿಲ್ಲದೆ ನಂಬಿದ ಮೊದಲ ಮಾತು ಅದು, ಅದೂ ಅಂಥ ಮಾತು.

ಇವರು ಸ್ಕ್ರೂಡ್ರೈವರನ್ನು ಮೆಷಿನ್ನಿನ ಪಕ್ಕ ಇಟ್ಟರು.

"ರೀ" ಅಂದೆ. "ಈ ಸಲ ಒಳಗೆ ಯಾರಿದೀವಿ?"

"ಇಬ್ಬರೂ" ಅಂದರು.

"ಸರಿ. ಒಂದು ನಿಮಿಷ, ಈ ಅಂಚು ಮುಗಿಸಿಬಿಡ್ತೀನಿ" ಅಂದೆ. ಇವರು ಪರದೆಯ ಇನ್ನೊಂದು ತುದಿಯನ್ನು ಎತ್ತಿ ಹಿಡಿದುಕೊಂಡು ನಿಂತರು. ನಾನು ಹೊಲಿದೆ. ಆಮೇಲೆ ಅತ್ತೆಗೆ ವಿಷಯ ಹೇಳಿ, ಚಪ್ಪಲಿ ಹಾಕಿಕೊಂಡು, ಇಬ್ಬರೂ ಹೊರಟೆವು.